ಎನ್‌ಎಫ್‌ಟಿ ಅಂದ್ರೆ ಜನ ಯಾಕೆ ನಂಬುವುದಿಲ್ಲ? ದುಡ್ಡಿನ ಆಟ ಬಿಟ್ಟು ಬೇರೆ ಉಪಯೋಗ ಇದೆಯಾ?

ಅರೆಬರೆ_ಓದುಗ:

ನಾನು ಆನ್‌ಲೈನ್ ತರಬೇತಿ ಕೊಡುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಕೋರ್ಸ್ ಮುಗಿಸಿದವರಿಗೆ ಸರ್ಟಿಫಿಕೇಟನ್ನು ಎನ್‌ಎಫ್‌ಟಿ (ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ಅಳಿಸಲಾಗದ ದಾಖಲೆಯಲ್ಲಿ ಬರೆದಿಡುವ, ಒಂದೊಂದೂ ಬೇರೆಯಾದ ಡಿಜಿಟಲ್ ಟೋಕನ್) ಮಾಡಿ ಕೊಡಿ, ಯಾರೂ ನಕಲು ಮಾಡೋಕೆ ಆಗಲ್ಲ, ಶಾಶ್ವತವಾಗಿ ಉಳಿಯುತ್ತದೆ ಎಂದು ಹೊರಗಿನ ಒಂದು ಕಂಪನಿಯವರು ಬಂದು ಹೇಳಿ ಹೋಗಿದ್ದಾರೆ. ಸ್ಲೈಡುಗಳೇನೋ ಚೆನ್ನಾಗಿದ್ದವು. ಆದರೆ ತಂಡದಲ್ಲಿ ಈ ಮಾತು ಎತ್ತಿದ ಕೂಡಲೇ ಅರ್ಧ ಜನ ನಕ್ಕರು. ಇನ್ನರ್ಧ ಜನ ಅದೆಲ್ಲ ಬರೀ ಮೋಸ, ಹತ್ತಿರ ಹೋಗಬೇಡಿ ಎಂದರು. ಯಾಕೆ ಮೋಸ ಎಂದು ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರ ಇಲ್ಲ. ಕೋತಿ ಚಿತ್ರ, ಕೋಟಿಗಟ್ಟಲೆ ದುಡ್ಡು, ಎಲ್ಲ ಮುಳುಗಿತು, ಇಷ್ಟೇ ಮಾತು.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಈ ಅನುಮಾನಕ್ಕೆ ಗಟ್ಟಿ ಕಾರಣ ಇದೆಯಾ, ಅಥವಾ 2021ರ ಹುಚ್ಚಾಟ ನೋಡಿ ಬಂದ ಬೇಸರ ಮಾತ್ರವಾ? ತಂತ್ರಜ್ಞಾನ ಒಳ್ಳೆಯದೇ, ಬಳಸಿದವರು ಕೆಡಿಸಿದರು ಅನ್ನುವ ಮಾತು ನಿಜವಾ? ಬೆಲೆ ಏರುತ್ತಾ ಇಳಿಯುತ್ತಾ ಅನ್ನುವುದು ನನಗೆ ಬೇಡ, ಹೂಡಿಕೆ ಮಾಡುವ ಆಲೋಚನೆಯೇ ಇಲ್ಲ.

ಸಾಲುಕೋಡು:

ಮೊದಲು ಆ ಟೋಕನ್ ಒಳಗೆ ಏನಿರುತ್ತದೆ ಎಂದು ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿರುವ ಎನ್‌ಎಫ್‌ಟಿಗಳಲ್ಲಿ ಬಹಳಷ್ಟು ಇಆರ್‌ಸಿ-721 ಎಂಬ ನಿಯಮದ ಪ್ರಕಾರ ಮಾಡಿದವು. ಅದರ ಪ್ರಸ್ತಾವ ಬಂದದ್ದು 2018ರ ಜನವರಿಯಲ್ಲಿ. ಆ ನಿಯಮ ಹೇಳುವುದು ತೀರಾ ಕಡಿಮೆ. ಈ ಕಾಂಟ್ರಾಕ್ಟ್‌ನಲ್ಲಿ (ಬ್ಲಾಕ್‌ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ) ಇಂಥ ನಂಬರಿನ ಟೋಕನ್ ಇದೆ, ಅದು ಈಗ ಇಂಥ ವಾಲೆಟ್ (ಕ್ರಿಪ್ಟೋ ಖಾತೆ) ವಿಳಾಸಕ್ಕೆ ಸೇರಿದೆ, ಅದನ್ನು ಹೀಗೆ ವರ್ಗಾಯಿಸಬಹುದು. ಬೇಕಿದ್ದರೆ ಒಂದು ಲಿಂಕ್ ಕೂಡ ಸೇರಿಸಬಹುದು. ಆ ಲಿಂಕ್ ತೆರೆದರೆ ಹೆಸರು, ವಿವರಣೆ, ಮತ್ತೆ ಚಿತ್ರದ ಇನ್ನೊಂದು ಲಿಂಕ್ ಸಿಗುತ್ತದೆ. ಚಿತ್ರ ಸಾಮಾನ್ಯವಾಗಿ ಬ್ಲಾಕ್‌ಚೈನ್ ಒಳಗೆ ಇರುವುದೇ ಇಲ್ಲ, ಅಲ್ಲಿ ದೊಡ್ಡ ಫೈಲ್ ಇಡುವುದಕ್ಕೆ ವಿಪರೀತ ಖರ್ಚು. ಚಿತ್ರ ಕೊಂಡೆ ಎಂದು ಜನ ಅಂದುಕೊಂಡಿರುತ್ತಾರೆ, ಕೈಗೆ ಬಂದಿರುವುದು ಚಿತ್ರ ಎಲ್ಲಿದೆ ಎಂದು ಬರೆದ ಚೀಟಿ.

ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದನ್ನು ಮಾಡಿಯೇ ತೋರಿಸಿದರು, 2022ರ ಜನವರಿಯಲ್ಲಿ ಅದರ ಬಗ್ಗೆ ಬರೆದರು. ಅವರು ಮಾಡಿದ ಎನ್‌ಎಫ್‌ಟಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ ನೋಡಿದರೆ ಒಂದು ಚಿತ್ರ, ರಾರಿಬಲ್ ಎಂಬ ಬೇರೆ ಮಾರುಕಟ್ಟೆಯಲ್ಲಿ ನೋಡಿದರೆ ಇನ್ನೊಂದು, ಕೊಂಡವರು ತಮ್ಮ ವಾಲೆಟ್‌ನಲ್ಲಿ ತೆರೆದರೆ ಹೇಲಿನ ಎಮೋಜಿ. ಲಿಂಕಿನ ಆ ಕಡೆ ಇರುವ ಸರ್ವರ್ ಅವರದ್ದೇ ಆದ್ದರಿಂದ ಯಾರು ಕೇಳುತ್ತಿದ್ದಾರೆ ಎಂದು ನೋಡಿ ಬೇರೆ ಬೇರೆ ಚಿತ್ರ ಕಳಿಸುತ್ತಿದ್ದರು. ಸ್ವಲ್ಪ ದಿನಕ್ಕೆ ಓಪನ್‌ಸೀ ಅದನ್ನು ತೆಗೆದುಹಾಕಿತು. ನನಗೆ ಇಷ್ಟವಾದ ಭಾಗ ಆಮೇಲಿನದು: ಓಪನ್‌ಸೀ ತೆಗೆದ ಮೇಲೆ ಅವರ ಸ್ವಂತ ವಾಲೆಟ್‌ನಲ್ಲೂ ಅದು ಕಾಣಿಸಲಿಲ್ಲ! ಟೋಕನ್ ಚೈನ್ ಮೇಲೆ ಹಾಗೇ ಇತ್ತು, ಆದರೆ ವಾಲೆಟ್ ಆ್ಯಪ್ ಚೈನನ್ನು ನೇರವಾಗಿ ಓದುವ ಬದಲು ಓಪನ್‌ಸೀಯನ್ನು ಕೇಳಿ ಪಟ್ಟಿ ತೋರಿಸುತ್ತಿತ್ತು. ಯಾರ ಹಿಡಿತವೂ ಇಲ್ಲ ಎಂದು ಮಾರುವ ವಸ್ತುವಿನ ಪಾಡು ಇದು.

ಚಿತ್ರಗಳು ನಿಜವಾಗಿಯೂ ಮಾಯವಾದದ್ದೂ ಇದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕಂಪನಿ ದಿವಾಳಿ ಎದ್ದಾಗ ಅದರ ಸರ್ವರ್ ನಂಬಿದ್ದ ಎನ್‌ಎಫ್‌ಟಿಗಳ ಚಿತ್ರಗಳು ಕಾಣದಾದವು, ಲಿಂಕ್ ಒತ್ತಿದರೆ ದಿವಾಳಿ ಪ್ರಕರಣದ ಪುಟ ತೆರೆಯುತ್ತಿತ್ತು. 2025ರ ಏಪ್ರಿಲ್‌ನಲ್ಲಿ ನೈಕಿ ಒಡೆತನದ ಆರ್‌ಟಿಎಫ್‌ಕೆಟಿ ಎಂಬ ಕಂಪನಿಯ ಕ್ಲೋನ್‌ಎಕ್ಸ್ ಎನ್‌ಎಫ್‌ಟಿ ಚಿತ್ರಗಳ ಜಾಗದಲ್ಲಿ ಸ್ವಲ್ಪ ಕಾಲ ಚಿತ್ರ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ ನಿರ್ಬಂಧದ ಸಂದೇಶ ಬರುತ್ತಿತ್ತು. ಎರಡೂ ಕಡೆ ಚೈನ್‌ಗೆ ಏನೂ ಆಗಿರಲಿಲ್ಲ.

ಎಲ್ಲರೂ ಹೀಗೇ ಮಾಡುತ್ತಾರೆ ಎಂದಲ್ಲ. ಐಪಿಎಫ್‌ಎಸ್ ಎಂಬ, ಹಲವರ ಯಂತ್ರಗಳಲ್ಲಿ ಫೈಲ್ ಇಡುವ ಜಾಲದಲ್ಲಿ ಇಟ್ಟರೆ ಫೈಲಿನ ವಿಳಾಸ ಫೈಲಿನ ಒಳಗಿರುವುದರಿಂದಲೇ ಹುಟ್ಟುತ್ತದೆ, ಹಾಗಾಗಿ ಗುಟ್ಟಾಗಿ ಬದಲಾಯಿಸಲು ಆಗುವುದಿಲ್ಲ. ಆದರೂ ಯಾರಾದರೂ ಒಬ್ಬರು ಅದನ್ನು ತಮ್ಮ ಯಂತ್ರದಲ್ಲಿ ಇಟ್ಟುಕೊಂಡಿರಬೇಕು, ಯಾರೂ ಇಟ್ಟುಕೊಳ್ಳದಿದ್ದರೆ ಸಿಗುವುದಿಲ್ಲ. ಆಟೋಗ್ಲಿಫ್ಸ್ ಥರದ ಕೆಲವು ಕೃತಿಗಳು ಪೂರ್ತಿ ಚೈನ್ ಒಳಗೇ ಇವೆ. ಅಂಥವು ಕಡಿಮೆ.

ಬಣ್ಣದಡಬ್ಬಿ:

ಚಿತ್ರ ಬರೆದು ಹೊಟ್ಟೆ ಹೊರೆಯುವವಳು ನಾನು. ನಮ್ಮ ಕಡೆಯ ಸಿಟ್ಟು ಬೇರೆ ಥರದ್ದು, ಅದನ್ನೂ ಕೇಳಿಸಿಕೊಳ್ಳಿ.

ಟೋಕನ್ ಮಾಡುವಾಗ ಈ ಚಿತ್ರ ನಿನ್ನದೇನಾ ಎಂದು ಚೈನ್ ಕೇಳುವುದಿಲ್ಲ. ಕೇಳಲು ಅದಕ್ಕೆ ದಾರಿಯೂ ಇಲ್ಲ. ಯಾರ ವಾಲೆಟ್‌ನಿಂದ ಯಾವಾಗ ಬಂತು ಎಂಬುದು ಮಾತ್ರ ಅದಕ್ಕೆ ಗೊತ್ತು. ಕದ್ದವನು ಮೊದಲು ಟೋಕನ್ ಮಾಡಿದರೆ ದಾಖಲೆ ಅವನದ್ದೇ, ಅದೂ ಅಳಿಸಲಾಗದ ದಾಖಲೆ. ನನ್ನ ಕೆಲವು ಚಿತ್ರಗಳನ್ನು ಹೀಗೆ ಯಾರೋ ಎತ್ತಿ ಒಂದು ಮಾರುಕಟ್ಟೆಯಲ್ಲಿ ಇಟ್ಟಿದ್ದರು. ದೂರು ಕೊಟ್ಟ ಮೇಲೆ ಅಲ್ಲಿಂದ ತೆಗೆದರು, ಆದರೆ ಟೋಕನ್ ಚೈನ್ ಮೇಲೆ ಹಾಗೇ ಇದೆ, ಬೇರೆ ಮಾರುಕಟ್ಟೆಯಲ್ಲಿ ಮತ್ತೆ ಹಾಕಬಹುದು. ಪ್ರತಿ ಸಲ ನಾನೇ ಹುಡುಕಬೇಕು, ನಾನೇ ಫಾರ್ಮ್ ತುಂಬಬೇಕು, ಚಿತ್ರ ನನ್ನದು ಎಂದು ನಾನೇ ಸಾಬೀತು ಮಾಡಬೇಕು. ನಕಲು ಆಗಲ್ಲ ಅನ್ನುವ ಮಾತು ಕೇಳಿದಾಗಲೆಲ್ಲ ಇದೇ ನೆನಪಾಗುತ್ತದೆ.

ಇದು ನನ್ನೊಬ್ಬಳ ಗೋಳಲ್ಲ. ತಮ್ಮ ಉಚಿತ ಸೌಲಭ್ಯ ಬಳಸಿ ಮಾಡಿದ ಎನ್‌ಎಫ್‌ಟಿಗಳಲ್ಲಿ 80 ಶೇಕಡಕ್ಕೂ ಜಾಸ್ತಿ ಕದ್ದ ಕೃತಿ, ನಕಲಿ ಸಂಗ್ರಹ ಅಥವಾ ಸ್ಪ್ಯಾಮ್ ಎಂದು 2022ರ ಜನವರಿಯಲ್ಲಿ ಓಪನ್‌ಸೀಯೇ ಹೇಳಿತ್ತು. ವಿರೋಧಿಗಳ ಮಾತಲ್ಲ, ಮಾರುವವರದ್ದೇ ಮಾತು.

ಇನ್ನು ಕೊಂಡವರಿಗೆ ಏನು ಸಿಕ್ಕಿತು? ಕಾಪಿರೈಟ್ ತಾನಾಗಿ ಬರುವುದಿಲ್ಲ. ಬೇರೆ ಲೈಸೆನ್ಸ್ ಬರೆದುಕೊಟ್ಟಿದ್ದರೆ ಅದರಲ್ಲಿ ಇದ್ದಷ್ಟು ಹಕ್ಕು, ಇಲ್ಲದಿದ್ದರೆ ಏನೂ ಇಲ್ಲ. ಆ ಲೈಸೆನ್ಸ್‌ಗೆ ಬೆಲೆ ಬರುವುದು ಕಾನೂನಿನಿಂದ, ಚೈನ್‌ನಿಂದಲ್ಲ.

ಕಲಾವಿದರನ್ನು ಸೆಳೆದದ್ದು ರಾಯಲ್ಟಿಯ ಆಸೆ. ಚಿತ್ರ ಕೈ ಬದಲಾದಾಗಲೆಲ್ಲ ಬರೆದವರಿಗೆ ಪಾಲು ಬರುತ್ತದೆ ಎಂದರು. ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಆದರೆ ಆ ಪಾಲನ್ನು ಕೊಡಿಸುತ್ತಿದ್ದದ್ದು ಮಾರುಕಟ್ಟೆಗಳು, ತಮ್ಮ ಇಷ್ಟದಿಂದ. ಪೈಪೋಟಿ ಜಾಸ್ತಿಯಾದಾಗ ಕೆಲವು ಮಾರುಕಟ್ಟೆಗಳು ರಾಯಲ್ಟಿ ಬೇಡ ಎಂದವು, ವ್ಯಾಪಾರಿಗಳು ಅಲ್ಲಿಗೆ ಓಡಿದರು, 2023ರ ಆಗಸ್ಟ್‌ನಲ್ಲಿ ಓಪನ್‌ಸೀ ಕೂಡ ರಾಯಲ್ಟಿ ಕಡ್ಡಾಯ ಮಾಡುವುದನ್ನು ಬಿಡುವುದಾಗಿ ಹೇಳಿತು. ಅಲ್ಲಿಗೆ ಮುಗಿಯಿತು.

ಒಂದು ಒಳ್ಳೆಯ ಮಾತನ್ನೂ ಹೇಳಿಬಿಡುತ್ತೇನೆ. ಕೋಡ್ ಬರೆದು ಚಿತ್ರ ಹುಟ್ಟಿಸುವ ಕಲಾವಿದರಿಗೆ ಇದು ನಿಜವಾದ ಮಾಧ್ಯಮವಾಯಿತು. ಆರ್ಟ್ ಬ್ಲಾಕ್ಸ್ ಎಂಬ ಅಂಥ ವೇದಿಕೆಯಲ್ಲಿ ಕೋಡ್ ಚೈನ್ ಮೇಲೆ ಇರುತ್ತದೆ. ಕೊಳ್ಳುವ ಕ್ಷಣದಲ್ಲಿ ಹುಟ್ಟುವ ಸಂಖ್ಯೆಯನ್ನು ಆ ಕೋಡ್‌ಗೆ ಕೊಟ್ಟರೆ ಚಿತ್ರ ಮೂಡುತ್ತದೆ, ಹೇಗೆ ಬರುತ್ತದೆ ಎಂದು ಬರೆದವರಿಗೂ ಮೊದಲೇ ಗೊತ್ತಿರುವುದಿಲ್ಲ. ಅದು ನನಗೆ ನಿಜಕ್ಕೂ ಇಷ್ಟ.

ಲೆಕ್ಕಪಕ್ಕ:

ಬೆಲೆಯ ಮಾತು ಬೇಡ ಎಂದಿರಿ. ಆದರೆ ಜನರ ಅಪನಂಬಿಕೆ ಬೆಲೆಯಿಂದಲೇ ಬಂದದ್ದು, ಅದನ್ನು ಬಿಟ್ಟರೆ ಉತ್ತರ ಅರ್ಧ ಆಗುತ್ತದೆ.

2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಡಿಜಿಟಲ್ ಕಲಾವಿದ ಬೀಪಲ್ ಅವರ ಎನ್‌ಎಫ್‌ಟಿ ಕೃತಿ 6.93 ಕೋಟಿ ಡಾಲರ್‌ಗೆ ಹೋಯಿತು, ಜಗತ್ತೆಲ್ಲ ಎದ್ದು ಕೂತಿತು. ಕೊಂಡವರ ಬಳಿ ಮೊದಲೇ ಬೀಪಲ್ ಕೃತಿಗಳಿದ್ದವು, ಅವುಗಳ ಪಾಲನ್ನು ಟೋಕನ್ ಮಾಡಿ ಮಾರಿಯೂ ಇದ್ದರು ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಬೀಪಲ್ ಅಂತೂ ತಮಗೆ ಬಂದ ಈಥರ್ (ಈಥೀರಿಯಂನ ಕ್ರಿಪ್ಟೋ ಹಣ) ಅನ್ನು ಬೇಗನೆ ಡಾಲರ್ ಮಾಡಿಕೊಂಡರು. ಬುದ್ಧಿವಂತರು.

ಅದೇ ತಿಂಗಳು ಟ್ವಿಟರ್ ಕಟ್ಟಿದವರಲ್ಲೊಬ್ಬರಾದ ಜ್ಯಾಕ್ ಡಾರ್ಸಿ ಅವರ ಮೊದಲ ಟ್ವೀಟ್‌ನ ಎನ್‌ಎಫ್‌ಟಿ 29 ಲಕ್ಷ ಡಾಲರ್‌ಗೆ ಹೋಯಿತು. ಕೊಂಡವರು 2022ರ ಏಪ್ರಿಲ್‌ನಲ್ಲಿ 4.8 ಕೋಟಿ ಡಾಲರ್ ಬೇಕು ಎಂದು ಮಾರಾಟಕ್ಕಿಟ್ಟರು. ಮೊದಲ ಸುತ್ತಿನಲ್ಲಿ ಬಂದ ದೊಡ್ಡ ಬಿಡ್ 300 ಡಾಲರ್ ಕೂಡ ಮುಟ್ಟಲಿಲ್ಲ. ಆ ಟ್ವೀಟ್ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಅಲ್ವಾ?

ಬೆಲೆ ಏರಿಸುವುದು ಎಷ್ಟು ಸುಲಭ ಎಂಬುದಕ್ಕೆ ಇನ್ನೊಂದು ನೋಡಿ. 2021ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋಪಂಕ್ 9998 ಎಂಬ ಎನ್‌ಎಫ್‌ಟಿ 53 ಕೋಟಿ ಡಾಲರ್‌ಗೂ ಜಾಸ್ತಿಗೆ ಮಾರಾಟವಾದಂತೆ ಚೈನ್ ಮೇಲೆ ಕಾಣಿಸಿತು. ನೋಡಿದರೆ ಒಂದೇ ವಹಿವಾಟಿನಲ್ಲಿ ಸಾಲ ಎತ್ತಿ, ತನ್ನಿಂದ ತಾನೇ ಕೊಂಡು, ಸಾಲ ತೀರಿಸಿ ಮುಗಿಸಿದ್ದರು. ಅದು ತೀರಾ ಢಾಳಾಗಿತ್ತು, ಸಿಕ್ಕಿಬಿತ್ತು. ಸಣ್ಣ ಸಣ್ಣ ಮೊತ್ತದಲ್ಲಿ ಒಬ್ಬನೇ ಎರಡು ಮೂರು ವಾಲೆಟ್ ಇಟ್ಟುಕೊಂಡು ತನಗೆ ತಾನೇ ಮಾರಿದರೆ ಹೊರಗಿನವರಿಗೆ ಅದು ಒಳ್ಳೆಯ ಬೇಡಿಕೆ ಇರುವ ಸಂಗ್ರಹದಂತೆ ಕಾಣುತ್ತದೆ. ಹೊಸ ವಾಲೆಟ್ ತೆರೆಯಲು ಯಾರ ಅಪ್ಪಣೆಯೂ ಬೇಡ, ಗುರುತಿನ ಚೀಟಿಯೂ ಬೇಡ.

ಮತ್ತೆ ದುಡ್ಡು ಎತ್ತಿಕೊಂಡು ಪರಾರಿಯಾಗುವವರು. ಫ್ರಾಸ್ಟೀಸ್ ಎಂಬ ಸಂಗ್ರಹ ಮಾಡಿದ ಇಬ್ಬರು ಸುಮಾರು 11 ಲಕ್ಷ ಡಾಲರ್ ಎತ್ತಿ ಕೈ ಎತ್ತಿದರು ಎಂದು ಅಮೆರಿಕದ ನ್ಯಾಯ ಇಲಾಖೆ 2022ರ ಮಾರ್ಚ್‌ನಲ್ಲಿ ಮೊಕದ್ದಮೆ ಹಾಕಿತು. ಇಬ್ಬರಿಗೂ ಆಗ 20 ವರ್ಷ. ಇದು ಹಿಡಿದದ್ದು. ಹಿಡಿಯದೆ ಉಳಿದವರ ಲೆಕ್ಕ ಯಾರು ಇಟ್ಟಿದ್ದಾರೆ.

ಕಳ್ಳತನವೂ ಹಾಗೇ. ಯಾವುದೋ ಸೈಟ್ ತೆರೆದು, ಬಂದ ಕಿಟಕಿಯಲ್ಲಿ ಏನಿದೆ ಎಂದು ಓದದೆ ಸಹಿ ಮಾಡಿದರೆ ಒಂದು ಸಂಗ್ರಹದ ಎಲ್ಲ ಟೋಕನ್‌ಗಳನ್ನೂ ಸಾಗಿಸುವ ಅನುಮತಿ ಕೊಟ್ಟಂತೆ. ನಟ ಸೆತ್ ಗ್ರೀನ್ 2022ರಲ್ಲಿ ಹೀಗೆ ಮೋಸ ಹೋಗಿ ತಮ್ಮ ಬೋರ್ಡ್ ಏಪ್ (ಕೋತಿ ಚಿತ್ರದ ಎನ್‌ಎಫ್‌ಟಿ) ಕಳೆದುಕೊಂಡರು, ಅದನ್ನೇ ಪಾತ್ರ ಮಾಡಿ ಒಂದು ಕಾರ್ಯಕ್ರಮ ತೆಗೆಯುತ್ತಿದ್ದರು. ಕೊನೆಗೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟು ತಮ್ಮದನ್ನೇ ಮತ್ತೆ ಕೊಂಡರು. ವಹಿವಾಟು ಹಿಂದಕ್ಕೆ ತಿರುಗಿಸಿ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಕೀಲಿಕೈ:

ಎಲ್ಲರೂ ಬೈದಾಯಿತು, ನಾನು ಆ ಕಡೆಯಿಂದ ಸ್ವಲ್ಪ ಮಾತಾಡುತ್ತೇನೆ. ಈ ಲೋಕದಲ್ಲಿ ಬಹಳ ಕಾಲದಿಂದ ಇರುವವನು. ಚಿತ್ರ ಕೊಂಡವನಲ್ಲ.

ಮೊದಲು ಒಂದು ಹಳೇ ಆರೋಪ. ಎನ್‌ಎಫ್‌ಟಿ ಮಾಡಿದರೆ ವಿದ್ಯುತ್ ಸುಟ್ಟುಹೋಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಈಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ (ವಿದ್ಯುತ್ ಸುಟ್ಟು ಲೆಕ್ಕ ಮಾಡಿ ದಾಖಲೆ ಕಾಯುವ ವಿಧಾನ) ಬಿಟ್ಟು ಪ್ರೂಫ್ ಆಫ್ ಸ್ಟೇಕ್‌ಗೆ (ಹಣ ಪಣಕ್ಕಿಟ್ಟು ಕಾಯುವ ವಿಧಾನ) ಬದಲಾಯಿತು, ವಿದ್ಯುತ್ ಬಳಕೆ 99 ಶೇಕಡಕ್ಕೂ ಜಾಸ್ತಿ ಇಳಿಯಿತು. ಆ ಮಾತು 2021ರಲ್ಲಿ ಸರಿ ಇತ್ತು, ಈಗ ಸರಿ ಇಲ್ಲ.

ಈಗ ಉಪಯೋಗ. ಈಥೀರಿಯಂ ನೇಮ್ ಸರ್ವಿಸ್ ಇದೆ. 0ಎಕ್ಸ್ ಎಂದು ಶುರುವಾಗುವ ಉದ್ದನೆಯ ವಾಲೆಟ್ ವಿಳಾಸದ ಬದಲು ಓದಲು ಬರುವ ಹೆಸರು ಕೊಡುವ ವ್ಯವಸ್ಥೆ. ಅಲ್ಲಿ ಡಾಟ್ ಈಟಿಎಚ್ ಹೆಸರುಗಳು ಎನ್‌ಎಫ್‌ಟಿಗಳೇ. ಯಾರೂ ಅದನ್ನು ಕಲೆ ಎಂದು ಕರೆಯುವುದಿಲ್ಲ, ದಿನಾ ಬಳಸುತ್ತಾರೆ. ಯೂನಿಸ್ವ್ಯಾಪ್ ಎಂಬ ಕ್ರಿಪ್ಟೋ ಅದಲುಬದಲು ವ್ಯವಸ್ಥೆಯ 2021ರ ಮೂರನೇ ಆವೃತ್ತಿಯಲ್ಲಿ ಹಣ ಜಮಾ ಮಾಡಿದವರ ಪಾಲು ಕೂಡ ಎನ್‌ಎಫ್‌ಟಿಯೇ, ಯಾಕೆಂದರೆ ಪ್ರತಿಯೊಬ್ಬರೂ ಬೇರೆ ಬೇರೆ ಬೆಲೆಯ ಮಿತಿ ಹಾಕಿಕೊಂಡಿರುತ್ತಾರೆ, ಎಲ್ಲ ಪಾಲುಗಳನ್ನೂ ಒಂದೇ ಎಂದು ಲೆಕ್ಕ ಹಿಡಿಯಲು ಆಗುವುದಿಲ್ಲ.

ಈ ಎರಡರಲ್ಲೂ ಒಂದು ವಿಷಯ ಗಮನಿಸಿ. ಟೋಕನ್ ಹೇಳುವ ವಸ್ತು ಚೈನ್ ಒಳಗೇ ಇದೆ. ಹೆಸರು ಯಾರದ್ದು ಎಂದು ನೋಡುವುದೂ ಕಾಂಟ್ರಾಕ್ಟ್, ಹಣ ವಾಪಸ್ ಕೊಡುವುದೂ ಕಾಂಟ್ರಾಕ್ಟ್. ಹೊರಗಿನವರು ಯಾರೂ ಮಾತು ಉಳಿಸಿಕೊಳ್ಳಬೇಕಿಲ್ಲ. ಮೇಲೆ ಹೇಳಿದ ಗೋಳುಗಳೆಲ್ಲ ಬಂದದ್ದು ಟೋಕನ್ ಒಳಗೆ, ವಸ್ತು ಹೊರಗೆ ಇದ್ದಾಗ. ಚಿತ್ರ ಸರ್ವರ್‌ನಲ್ಲಿ, ಹಕ್ಕು ಕೋರ್ಟಿನಲ್ಲಿ, ರಾಯಲ್ಟಿ ಮಾರುಕಟ್ಟೆಯ ಕೈಯಲ್ಲಿ. ಆಗ ನೀವು ನಂಬುವುದು ಚೈನನ್ನಲ್ಲ, ಆ ಹೊರಗಿನವರನ್ನು. ಅವರನ್ನು ನಂಬುವುದಾದರೆ ಚೈನ್ ಯಾಕೆ ಬೇಕು, ಅವರ ಡೇಟಾಬೇಸ್ ಸಾಕು. ಯಾರಾದರೂ ಹೊಸ ಯೋಜನೆ ತಂದಾಗ ನಾನು ಕೇಳುವ ಪ್ರಶ್ನೆ ಇದೊಂದೇ.

ಅರೆಬರೆ_ಓದುಗ:

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷೆ ಇರಲಿಲ್ಲ. @ಕೀಲಿಕೈ, ಹಾಗಾದರೆ ಆಟಗಳ ವಿಷಯ ಏನು? ಒಂದು ಆಟದಲ್ಲಿ ಕೊಂಡ ಕತ್ತಿಯನ್ನು ಇನ್ನೊಂದು ಆಟಕ್ಕೆ ಒಯ್ಯಬಹುದು ಎಂದು ಆ ಕಂಪನಿಯವರ ಸ್ಲೈಡಿನಲ್ಲೂ ಇತ್ತು. ಸರ್ಟಿಫಿಕೇಟಿನ ಬಗ್ಗೆಯೂ ಹೇಳಿ, ನನಗೆ ಮುಖ್ಯವಾಗಿ ಬೇಕಿರುವುದು ಅದೇ.

ಸಾಲುಕೋಡು:

ಕತ್ತಿಯ ಕಥೆಗೆ ನಾನು ಉತ್ತರ ಕೊಡುತ್ತೇನೆ. ಎರಡನೇ ಆಟ ಮಾಡಿದವರು ಆ ಕತ್ತಿಯ ಆಕಾರ ಬರೆಯಬೇಕು, ಅದರ ಶಕ್ತಿ ಎಷ್ಟು ಎಂದು ತೀರ್ಮಾನಿಸಬೇಕು, ತಮ್ಮ ಆಟದ ಸಮತೋಲ ಕೆಡದಂತೆ ನೋಡಿಕೊಳ್ಳಬೇಕು. ಬೇರೆ ಕಂಪನಿ ದುಡ್ಡು ಮಾಡಿಕೊಂಡ ವಸ್ತುವಿಗೆ ಇಷ್ಟೆಲ್ಲ ಯಾಕೆ ಮಾಡುತ್ತಾರೆ? ಅಷ್ಟು ಮನಸ್ಸಿದ್ದರೆ ಎರಡು ಕಂಪನಿಗಳು ಸುಮ್ನೆ ಒಪ್ಪಂದ ಮಾಡಿಕೊಂಡರೆ ಆಯಿತು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ 2021ರ ಅಕ್ಟೋಬರ್‌ನಲ್ಲೇ ಇಂಥ ಆಟಗಳನ್ನು ಹೊರಗಿಟ್ಟಿತು, ಮೈನ್‌ಕ್ರಾಫ್ಟ್ ಮಾಡಿದವರು 2022ರ ಜುಲೈನಲ್ಲಿ ನಮ್ಮಲ್ಲಿ ಬೇಡ ಎಂದರು.

ಸರ್ಟಿಫಿಕೇಟಿಗೆ ಬರೋಣ. ಸರ್ಟಿಫಿಕೇಟ್ ನಿಜವೋ ಅಲ್ಲವೋ ಎಂದು ಗೊತ್ತಾಗಬೇಕಿರುವುದು ಕೆಲಸ ಕೊಡುವವರಿಗೆ. ಅವರು ಕೇಳುವ ಪ್ರಶ್ನೆ ಇದನ್ನು ಕೊಟ್ಟದ್ದು ನಿಮ್ಮ ಸಂಸ್ಥೆಯೇನಾ ಎಂದು. ಅದಕ್ಕೆ ನಿಮ್ಮ ಡಿಜಿಟಲ್ ಸಹಿ ಸಾಕು. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಎನ್‌ಎಫ್‌ಟಿ ಮಾಡಿದರೂ ಇದೇ ಪ್ರಶ್ನೆ ಉಳಿಯುತ್ತದೆ: ಈ ಟೋಕನ್ ಹೊರಡಿಸಿದ ವಾಲೆಟ್ ನಿಮ್ಮ ಸಂಸ್ಥೆಯದ್ದೇ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ವೆಬ್‌ಸೈಟ್ ನೋಡಿಯೇ. ನಿಮ್ಮದೇ ಹೆಸರು, ನಿಮ್ಮದೇ ಲೋಗೋ ಹಾಕಿ ಯಾರು ಬೇಕಾದರೂ ಇನ್ನೊಂದು ಕಾಂಟ್ರಾಕ್ಟ್ ಮಾಡಬಹುದು, @ಬಣ್ಣದಡಬ್ಬಿ ಅವರ ಚಿತ್ರಕ್ಕೆ ಆದದ್ದು ನಿಮ್ಮ ಸರ್ಟಿಫಿಕೇಟಿಗೂ ಆಗುತ್ತದೆ.

ತೊಂದರೆಗಳು ಬೇರೆ. ಇಆರ್‌ಸಿ-721 ಇರುವುದೇ ಕೈ ಬದಲಾಯಿಸಲು, ಸರ್ಟಿಫಿಕೇಟ್ ಮಾರಾಟ ಆಗಲೇಬಾರದು. ವರ್ಗಾಯಿಸಲಾಗದ ಟೋಕನ್ ಮಾಡಬಹುದು, ಈಥೀರಿಯಂ ಹುಟ್ಟುಹಾಕಿದವರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಮತ್ತಿಬ್ಬರು ಅದರ ಬಗ್ಗೆ 2022ರಲ್ಲಿ ಬರೆದರು, ಆದರೆ ಆಗ ವಿದ್ಯಾರ್ಥಿ ವಾಲೆಟ್ ತೆರೆಯುವ ಗುಪ್ತ ಕೀಲಿ ಕಳೆದುಕೊಂಡರೆ ಏನು ಮಾಡುತ್ತೀರಿ? ನೀವೇ ರದ್ದು ಮಾಡಿ ಹೊಸದು ಕೊಡುತ್ತೀರಿ ಎಂದಾದರೆ ಎಲ್ಲ ನಿಮ್ಮ ಕೈಯಲ್ಲೇ ಇದೆ ಎಂದಾಯಿತು. ಇನ್ನು ವಾಲೆಟ್ ವಿಳಾಸ ಎಲ್ಲರಿಗೂ ಕಾಣುತ್ತದೆ. ಒಮ್ಮೆ ಆ ವಿಳಾಸ ಇವರದ್ದು ಎಂದು ಗೊತ್ತಾದರೆ ಅವರು ಇನ್ನೇನು ಕೊಂಡರು, ಯಾರಿಗೆ ಎಷ್ಟು ಕಳಿಸಿದರು, ಎಲ್ಲ ಬಿಚ್ಚಿಟ್ಟ ಹಾಗೆ. ಕೆಲಸ ಹುಡುಕುವವರಿಗೆ ಇದು ಬೇಕಾ?

ಎಂಐಟಿ 2017ರಲ್ಲಿ ಪ್ರಾಯೋಗಿಕವಾಗಿ ಕೆಲವು ಪದವೀಧರರಿಗೆ ಬ್ಲಾಕ್‌ಚೈನ್ ಬಳಸಿ ಡಿಜಿಟಲ್ ಪದವಿ ಪತ್ರ ಕೊಟ್ಟಿತು. ಅದು ಎನ್‌ಎಫ್‌ಟಿ ಅಲ್ಲ. ಪತ್ರ ವಿದ್ಯಾರ್ಥಿಯ ಫೋನಿನಲ್ಲೇ ಇರುತ್ತಿತ್ತು, ಅದರ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ಮಾತ್ರ ಬಿಟ್‌ಕಾಯಿನ್ ಚೈನ್‌ಗೆ ಹೋಗುತ್ತಿತ್ತು. ಚೈನ್ ಬೇಕೇ ಬೇಕು ಎಂದರೆ ಅಷ್ಟು ಮಾಡಿ. ಇಂಥ ದಿನ ಈ ಪತ್ರ ಇತ್ತು ಎಂಬುದಕ್ಕೆ ಪುರಾವೆ ಸಿಗುತ್ತದೆ, ವಿದ್ಯಾರ್ಥಿಗೆ ಕ್ರಿಪ್ಟೋ ವಾಲೆಟ್ ಬೇಡ, ಹೆಸರು ಎಲ್ಲೂ ಬಯಲಾಗುವುದಿಲ್ಲ.

ಕೀಲಿಕೈ:

ಸಾಲುಕೋಡು ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ತಕರಾರು. ಸಹಿ ಸಾಕು ಎನ್ನುವುದು ಸಂಸ್ಥೆ ನಡೆಯುತ್ತಿರುವ ತನಕ ಸರಿ. ನಾಳೆ ಇವರ ತಂಡ ಮುಚ್ಚಿತು, ವೆಬ್‌ಸೈಟ್ ಹೋಯಿತು, ಆಗ ಆ ಸಹಿ ಯಾರದ್ದು ಎಂದು ಹೇಳುವವರು ಯಾರು? ಪಬ್ಲಿಕ್ ಕೀಲಿ (ಸಹಿ ಸರಿಯೇ ಎಂದು ನೋಡಲು ಎಲ್ಲರಿಗೂ ಕೊಡುವ ಕೀಲಿ) ಇಂಥ ದಿನದಿಂದ ಇಂಥ ಸಂಸ್ಥೆಯದ್ದು ಎಂದು ಚೈನ್ ಮೇಲೆ ಒಂದು ಸಲ ಬರೆದಿಟ್ಟರೆ ಮುಂದೆ ನೋಡುವವರಿಗೆ ಒಂದು ಆಧಾರ ಇರುತ್ತದೆ.

ಸಾಲುಕೋಡು:

ಆದರೆ ಬರೆದಿಟ್ಟದ್ದು ಸಂಸ್ಥೆಯೇ ಎಂದು ಆಗ ಯಾರು ಹೇಳುತ್ತಾರೆ? ಅದೇ ಪ್ರಶ್ನೆ ಒಂದು ಮೆಟ್ಟಿಲು ಕೆಳಗೆ ಇಳಿಯಿತು, ಅಷ್ಟೇ. ತಾರೀಕಿಗೆ ಆಧಾರ ಸಿಗುತ್ತದೆ ಎಂಬುದನ್ನು ಒಪ್ಪುತ್ತೇನೆ.

ಅರೆಬರೆ_ಓದುಗ:

ನೀವಿಬ್ಬರೂ ಮುಂದುವರಿಸಿ, ನಾನು ಓದುತ್ತಿರುತ್ತೇನೆ. ಕಂಪನಿಯವರಿಗೆ ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ. ಸರ್ಟಿಫಿಕೇಟಿನ ಫೈಲ್ ಎಲ್ಲಿ ಇಡುತ್ತೀರಿ, ಕೀಲಿ ಕಳೆದವರಿಗೆ ಏನು ಮಾಡುತ್ತೀರಿ, ಇದೇ ಕೆಲಸ ಸಹಿ ಮಾಡಿದ ಪಿಡಿಎಫ್‌ನಲ್ಲಿ ಯಾಕೆ ಆಗುವುದಿಲ್ಲ. ಮೊದಲ ಎರಡಕ್ಕೆ ಸೋಮವಾರ ಮಾತಾಡೋಣ ಎಂದಿದ್ದಾರೆ. ಮೂರನೆಯದಕ್ಕೆ ಸ್ಲೈಡುಗಳನ್ನು ಮತ್ತೊಮ್ಮೆ ಕಳಿಸಿದ್ದಾರೆ.